ಗಾಳಿಬಂದೂಕು: ವಸ್ತು, ಐತಿಹ್ಯ ಮತ್ತು ಸಂಗ್ರಹದ ವಿವೇಕ

ಪೀಠಿಕೆ

ಕರ್ನಾಟಕದ ದೊಡ್ಡ ಜಾತ್ರೆಗಳಲ್ಲಿ ತೇರುಬೀದಿಯ ಅಂಚಿಗೆ ಬಲೂನು ಹೊಡೆಯುವ ಅಂಗಡಿಯೊಂದು ಸಾಮಾನ್ಯವಾಗಿ ಕಾಣಸಿಗುತ್ತದೆ. ಹಲಗೆಗೆ ಸಾಲಾಗಿ ಸಿಕ್ಕಿಸಿದ ಬಣ್ಣದ ಬಲೂನುಗಳು, ಮುಂದೆ ಒಂದು ಮೇಜು, ಮೇಜಿನ ಮೇಲೆ ಬಳಸಿ ಬಳಸಿ ಹಿಡಿಯ ಬಣ್ಣ ಮಾಸಿದ ಎರಡು ಮೂರು ಬಂದೂಕುಗಳು. ಅಂಗಡಿಯಾತ ನಳಿಕೆಯನ್ನು ಮುರಿದಂತೆ ಕೆಳಕ್ಕೆ ಬಾಗಿಸಿ, ಸೀಸದ ಪುಟ್ಟ ಗುಂಡನ್ನು ಇಟ್ಟು, ಮತ್ತೆ ನೇರ ಮಾಡಿ ಗಿರಾಕಿಯ ಕೈಗೆ ಕೊಡುತ್ತಾನೆ. ಮದ್ದಿಲ್ಲ, ಕಿಡಿಯಿಲ್ಲ, ಹೊಗೆಯಿಲ್ಲ. ಗುಂಡನ್ನು ನೂಕುವುದು ಗಾಳಿ ಮಾತ್ರ. ಆಟಿಕೆಯೆಂದು ನಾವು ಉಪೇಕ್ಷಿಸುವ ಈ ಉಪಕರಣದ ಹಿಂದೆ ನಾಲ್ಕು ಶತಮಾನಗಳಿಗೂ ಮಿಕ್ಕ ಚರಿತ್ರೆಯಿದೆ. ಅರಸರ ಬೇಟೆ, ಸೈನಿಕರ ಯುದ್ಧ, ಪರಿಶೋಧಕರ ಪಯಣ, ಹೋಟೆಲುಗಳ ಪಂದ್ಯ ಎಲ್ಲವನ್ನೂ ಕಂಡು ಅದು ಜಾತ್ರೆಯ ಅಂಗಳಕ್ಕೆ ಬಂದು ನಿಂತಿದೆ.

ಆಯುಧಗಳ ಅಧ್ಯಯನವನ್ನು ಸಾಮಾನ್ಯವಾಗಿ ಯುದ್ಧಚರಿತ್ರೆಯ ಭಾಗವೆಂದು ಪರಿಗಣಿಸಲಾಗುತ್ತದೆ. ಆದರೆ ಒಂದು ಆಯುಧವನ್ನು ಮಾಡಿದ ಕಮ್ಮಾರನ ಜ್ಞಾನ, ಅದನ್ನು ಹಿಡಿದವನ ಅನುಭವ, ಅದನ್ನು ಕಂಡವರು ಕಟ್ಟಿದ ಕಥೆ ಇವೆಲ್ಲವೂ ಜಾನಪದದ ವ್ಯಾಪ್ತಿಗೆ ಸೇರುತ್ತವೆ. ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ವಸ್ತುವನ್ನೂ ಅದರ ಸುತ್ತಲಿನ ಮಾತನ್ನೂ ಬೇರ್ಪಡಿಸಲಾಗದು. ಪುರಾತನ ಗಾಳಿಬಂದೂಕಿನ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸುವುದು, ಅದಕ್ಕೆ ಅಂಟಿಕೊಂಡ ಐತಿಹ್ಯಗಳ ಸ್ವರೂಪವನ್ನು ಪರಿಶೀಲಿಸುವುದು, ಆ ಮೂಲಕ ಸಂಗ್ರಹಕಾರ್ಯದಲ್ಲಿ ಪಾಲಿಸಬೇಕಾದ ವಿವೇಕವೊಂದನ್ನು ಸೂಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಉಸಿರಿನಿಂದ ಗಾಳಿಯ ಭಂಡಾರಕ್ಕೆ

ಗಾಳಿಯ ಬಲದಿಂದ ವಸ್ತುವೊಂದನ್ನು ದೂರಕ್ಕೆ ಎಸೆಯುವ ಅತ್ಯಂತ ಸರಳ ಸಾಧನ ಊದುಗೊಳವೆ. ಬೋರ್ನಿಯೋ ಮತ್ತು ಮಲಯ ಪ್ರದೇಶದ ಬುಡಕಟ್ಟುಗಳ ಊದುಗೊಳವೆಗಳು ಪ್ರಸಿದ್ಧವಾಗಿವೆ. ದಕ್ಷಿಣ ಭಾರತದಲ್ಲಿಯೂ ಇವು ಬಳಕೆಯಲ್ಲಿದ್ದುದನ್ನು ಜೇಮ್ಸ್ ಹಾರ್ನೆಲ್ 1924ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ದಾಖಲಿಸಿದ್ದಾರೆ. ಇಲ್ಲಿ ಬೇಟೆಗಾರನ ಶ್ವಾಸಕೋಶವೇ ಗಾಳಿಯ ಭಂಡಾರ, ಕೊಳವೆಯೇ ನಳಿಕೆ.

ಎರಡನೆಯ ಹಂತವನ್ನು ನಮ್ಮ ಮಕ್ಕಳ ಆಟಗಳಲ್ಲಿಯೇ ಕಾಣಬಹುದು. ಕರಾವಳಿ ಹಾಗೂ ಮಲೆನಾಡಿನ ಮಕ್ಕಳು ಬಿದಿರಿನಿಂದ ಮಾಡಿಕೊಳ್ಳುವ ಪೆಟ್ಲು ಇದಕ್ಕೆ ಉತ್ತಮ ನಿದರ್ಶನ. ಕೊಳವೆಯ ತುದಿಗೆ ಒಂದು ಹಸಿ ಕಾಯನ್ನು ಬಿಗಿಯಾಗಿ ತುರುಕಿ, ಹಿಂದಿನಿಂದ ಇನ್ನೊಂದು ಕಾಯನ್ನು ಕಡ್ಡಿಯಿಂದ ರಭಸವಾಗಿ ನೂಕಿದರೆ, ನಡುವೆ ಸಿಕ್ಕಿಬಿದ್ದ ಗಾಳಿ ಒತ್ತಡಕ್ಕೊಳಗಾಗಿ ಮುಂದಿನ ಕಾಯನ್ನು ಸದ್ದಿನೊಡನೆ ಹಾರಿಸುತ್ತದೆ. ಬಸ್ತರಿನ ಜಗದಲ್‌ಪುರದಲ್ಲಿ ರಥಯಾತ್ರೆಯ ಸಂದರ್ಭದಲ್ಲಿ ನಡೆಯುವ ಗೋಂಚಾ ಹಬ್ಬದಲ್ಲಿ ಇದೇ ಬಗೆಯ ಬಿದಿರಿನ ಉಪಕರಣಕ್ಕೆ ತುಪ್ಕಿ ಎಂಬ ಹೆಸರಿದ್ದು, ದೊಡ್ಡವರೂ ಅದನ್ನು ಹಿಡಿದು ಸಂಭ್ರಮಿಸುತ್ತಾರೆ. ಗಾಳಿಯನ್ನು ಕೂಡಿಹಾಕಿ ಒತ್ತಿದರೆ ಅದು ಬಲವನ್ನು ಹಿಂದಿರುಗಿಸುತ್ತದೆ ಎಂಬ ತಿಳಿವಳಿಕೆ ಪ್ರಯೋಗಶಾಲೆಯ ಸೊತ್ತಷ್ಟೇ ಅಲ್ಲ, ಅದು ಜನಪದರ ಕೈಯಲ್ಲಿಯೂ ಇತ್ತು ಎಂಬುದನ್ನು ಇವು ತೋರಿಸುತ್ತವೆ.

ಇದೇ ತತ್ತ್ವವನ್ನು ಯಂತ್ರರೂಪಕ್ಕೆ ತಂದವರಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ಮೊದಲಿಗ. ಕಂಚಿನ ಉರುಳೆಗಳಲ್ಲಿ ಗಾಳಿಯನ್ನು ಒತ್ತಿ, ಅದರ ಮರುಬಲದಿಂದ ಕೆಲಸ ಮಾಡುವ ಕವಣೆಯಂತ್ರವೊಂದನ್ನು ಅವನು ರೂಪಿಸಿದನೆಂದು ಬೈಜಾಂಟಿಯಮ್ಮಿನ ಫಿಲೋ ವಿವರಿಸಿದ್ದಾನೆ. ಕೋವಿಯ ರೂಪದಲ್ಲಿ ಈ ತತ್ತ್ವ ಪ್ರಕಟವಾಗುವುದು ಯೂರೋಪಿನಲ್ಲಿ, 16ನೆಯ ಶತಮಾನದ ಉತ್ತರಾರ್ಧದಲ್ಲಿ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ರಾಜಮನೆತನದ ಆಯುಧ ಸಂಗ್ರಹಾಲಯದಲ್ಲಿರುವ, ಸುಮಾರು 1580ರ ಕಾಲದ್ದೆಂದು ಗುರುತಿಸಲಾಗಿರುವ ಬಂದೂಕನ್ನು ಉಳಿದುಬಂದವುಗಳಲ್ಲಿ ಅತ್ಯಂತ ಹಳೆಯದೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ.

ಪುರಾತನ ಗಾಳಿಬಂದೂಕುಗಳನ್ನು ರಚನೆಯ ದೃಷ್ಟಿಯಿಂದ ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ತಿದಿಯ ಬಗೆ. ನಮ್ಮ ಕುಲುಮೆಯ ತಿದಿಯನ್ನೇ ಚಿಕ್ಕದು ಮಾಡಿ ಹಿಡಿಯೊಳಗೆ ಅಡಗಿಸಿದಂತಹ ರಚನೆ ಇದರದು. ಬಲವಾದ ಕಮಾನು ತಿದಿಯನ್ನು ಒಮ್ಮೆಗೇ ಅದುಮಿದಾಗ ಹೊರಡುವ ಗಾಳಿ ಹಗುರವಾದ ಬಾಣದಂಥ ಮುಳ್ಳನ್ನು ಹಾರಿಸುತ್ತದೆ. ಎರಡನೆಯದು ಕಮಾನು ಮತ್ತು ಕೊಂತದ ಬಗೆ. ಕಮಾನಿನ ಬಲದಿಂದ ಮುನ್ನುಗ್ಗುವ ಕೊಂತ ಉರುಳೆಯೊಳಗಿನ ಗಾಳಿಯನ್ನು ಒತ್ತುತ್ತದೆ. ಜಾತ್ರೆಯ ಬಂದೂಕು ಈ ವರ್ಗದ್ದು. ಮೂರನೆಯದು ಭಂಡಾರದ ಬಗೆ. ಪಂಪಿನಿಂದ ಮೊದಲೇ ತುಂಬಿಟ್ಟ ಗಾಳಿಯನ್ನು ಕವಾಟದ ಮೂಲಕ ಹೊಡೆತಕ್ಕಿಷ್ಟರಂತೆ ಬಿಡುವುದು ಇದರ ಕ್ರಮ. ಭಂಡಾರವನ್ನು ಕೆಲವರು ನಳಿಕೆಯ ಸುತ್ತ ಇಟ್ಟರು, ಕೆಲವರು ಲೋಹದ ಚೆಂಡಿನ ರೂಪದಲ್ಲಿ ನಳಿಕೆಯ ಕೆಳಗೆ ತೂಗುಹಾಕಿದರು, ಇನ್ನು ಕೆಲವರು ಹಿಡಿಯನ್ನೇ ಟೊಳ್ಳಾದ ಭಂಡಾರವಾಗಿಸಿದರು. ಸಂಗ್ರಾಹಕರು ವಸ್ತುವಿನ ಕಾಲ ಮತ್ತು ದೇಶವನ್ನು ಊಹಿಸುವಾಗ ಮೊದಲು ನೋಡುವುದು ಈ ಭಂಡಾರದ ಸ್ಥಾನವನ್ನೇ.

ಅರಮನೆಯಿಂದ ರಣರಂಗಕ್ಕೆ

ಆರಂಭದ ಗಾಳಿಬಂದೂಕುಗಳು ಅರಮನೆಯ ಕುತೂಹಲದ ವಸ್ತುಗಳಾಗಿದ್ದವು. ಫ್ರಾನ್ಸಿನ ಲಿಸಿಯೂ ಪಟ್ಟಣದ ಕುಶಲಕರ್ಮಿ ಮಾರೆನ್ ಲೆ ಬೂರ್ಜ್ವಾ ದೊರೆ ನಾಲ್ಕನೆಯ ಹೆನ್ರಿಗಾಗಿ ಗಾಳಿಬಂದೂಕೊಂದನ್ನು ಮಾಡಿದ್ದನು. ಅದರ ವಿವರಣೆ 1608ರ ಗ್ರಂಥವೊಂದರಲ್ಲಿ ಮುದ್ರಿತವಾಗಿದೆ. ಚಕಮಕಿ ಕಲ್ಲಿನ ಕೋವಿಯ ಪರಿಷ್ಕೃತ ರೂಪದ ಕೀರ್ತಿಯೂ ಇದೇ ಕುಶಲಕರ್ಮಿಗೆ ಸಲ್ಲುತ್ತದೆ ಎಂಬುದು ಗಮನಾರ್ಹ. ಮದ್ದಿನ ಕೋವಿ ಮತ್ತು ಗಾಳಿಯ ಕೋವಿ ಒಂದೇ ಕೈಯಿಂದ, ಒಂದೇ ಕಾರ್ಯಾಗಾರದಿಂದ ಹೊರಬಂದವು.

18ನೆಯ ಶತಮಾನದಲ್ಲಿ ಲಂಡನ್, ವಿಯೆನ್ನಾ ಹಾಗೂ ಜರ್ಮನ್ ಸಂಸ್ಥಾನಗಳ ನಿಪುಣ ಕೋವಿಗಾರರು ಶ್ರೀಮಂತರ ಬೇಟೆಗಾಗಿ ಭಂಡಾರದ ಬಗೆಯ ಬಂದೂಕುಗಳನ್ನು ತಯಾರಿಸುತ್ತಿದ್ದರು. ಇವುಗಳಲ್ಲಿ ಅನೇಕವು ನೋಡಲು ಚಕಮಕಿ ಕೋವಿಗಳಂತೆಯೇ ಇರುತ್ತವೆ. ಕುದುರೆ, ಕಲ್ಲು, ಬಾಣಲಿ ಎಲ್ಲವೂ ಅಲ್ಲಿರುತ್ತವೆ. ಆದರೆ ಕುದುರೆ ಬೀಳುವುದು ಕಿಡಿಗಾಗಿ ಅಲ್ಲ, ಒಳಗಿನ ಕವಾಟವನ್ನು ತೆರೆಯುವುದಕ್ಕಾಗಿ. ಹೊಸ ತಂತ್ರವು ಹಳೆಯ ರೂಪವನ್ನು ಧರಿಸಿ ಬರುವುದು ಭೌತಿಕ ಸಂಸ್ಕೃತಿಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಗಾಳಿಬಂದೂಕು ಸೈನ್ಯವನ್ನು ಪ್ರವೇಶಿಸಿದ್ದು ಆಸ್ಟ್ರಿಯದಲ್ಲಿ. ಟಿರೋಲ್ ಪ್ರಾಂತ್ಯದಿಂದ ಬಂದ ಬಾರ್ತೊಲೊಮೇಯುಸ್ ಜಿರಾಂಡೋನಿ ಎಂಬಾತ ರೂಪಿಸಿದ ಬಂದೂಕನ್ನು ಚಕ್ರವರ್ತಿ ಎರಡನೆಯ ಜೋಸೆಫನ ಆಳ್ವಿಕೆಯಲ್ಲಿ, 1780ರ ಮಾದರಿಯೆಂದು ಸೇನೆ ಅಂಗೀಕರಿಸಿತು. ಆ ಕಾಲದ ಸೈನಿಕನ ಕೋವಿ ಒಂದು ಬಾರಿಗೆ ಒಂದೇ ಗುಂಡನ್ನು ಹಾರಿಸುತ್ತಿತ್ತು. ಪ್ರತಿ ಸಲವೂ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿಯಬೇಕಾಗಿತ್ತು. ಜಿರಾಂಡೋನಿಯ ಬಂದೂಕಿನಲ್ಲಿ ನಳಿಕೆಯ ಪಕ್ಕಕ್ಕೆ ಜೋಡಿಸಿದ ಕೊಳವೆಯಲ್ಲಿ ಸುಮಾರು 20 ಸೀಸದ ಗುಂಡುಗಳು ಸಾಲಾಗಿ ನಿಲ್ಲುತ್ತಿದ್ದವು. ಸೈನಿಕನು ಬಂದೂಕಿನ ಮೂತಿಯನ್ನು ಮೇಲಕ್ಕೆತ್ತಿ ಅಡ್ಡಲಾಗಿದ್ದ ಲೋಹದ ತುಂಡೊಂದನ್ನು ಒತ್ತಿದರೆ ಒಂದು ಗುಂಡು ಅದರ ಕುಳಿಗೆ ಜಾರುತ್ತಿತ್ತು. ಬೆರಳನ್ನು ತೆಗೆದೊಡನೆ ಕಮಾನಿನ ಬಲದಿಂದ ಆ ತುಂಡು ಹಿಂದಕ್ಕೆ ಸರಿದು ಗುಂಡನ್ನು ನಳಿಕೆಯ ನೇರಕ್ಕೆ ತಂದು ನಿಲ್ಲಿಸುತ್ತಿತ್ತು. ಕುದುರೆ ಎಳೆಯುವುದು, ಗುರಿ ಹಿಡಿಯುವುದು, ಹೊಡೆಯುವುದು ಇಷ್ಟೇ ಉಳಿದ ಕೆಲಸ. ನೆಲದ ಮೇಲೆ ಮಲಗಿಕೊಂಡೇ ಮತ್ತೆ ಗುಂಡು ತುಂಬಬಹುದಾಗಿತ್ತು.

ಶಂಕುವಿನಾಕಾರದ ಟೊಳ್ಳು ಹಿಡಿಯೇ ಇದರ ಗಾಳಿಯ ಭಂಡಾರ. ಕಬ್ಬಿಣದ ತಗಡನ್ನು ಬಾಗಿಸಿ, ಗುಬ್ಬಿಮೊಳೆ ಹೊಡೆದು, ಬೆಸುಗೆ ಹಾಕಿ ಮಾಡಿದ ಈ ಪಾತ್ರೆಯನ್ನು ತುಂಬಲು ಕೈಪಂಪಿನಿಂದ ಸುಮಾರು 1,500 ಬಾರಿ ಒತ್ತಬೇಕಾಗಿತ್ತು. ಆಗ ಒಳಗಿನ ಒತ್ತಡ ಸುಮಾರು 55 ವಾಯುಭಾರಗಳಿಗೆ ಏರುತ್ತಿತ್ತು. ಇದು ಇಂದಿನ ಲಾರಿಯ ಗಾಲಿಯಲ್ಲಿರುವ ಒತ್ತಡದ ಸುಮಾರು ಏಳು ಪಟ್ಟು. ಸೈನಿಕನ ತೊಗಲಿನ ಚೀಲದಲ್ಲಿ ಬದಲಿ ಭಂಡಾರಗಳು, ಪಂಪು, ಗುಂಡಿನ ಅಚ್ಚು, ಗುಂಡುಗಳನ್ನು ಒಮ್ಮೆಗೇ ಸುರಿಯಲು ಅನುಕೂಲವಾದ ತಗಡಿನ ಕೊಳವೆಗಳು ಇರುತ್ತಿದ್ದವು. ಒಂದು ಭಂಡಾರದಿಂದ ಸುಮಾರು 30 ಹೊಡೆತಗಳನ್ನು ಹೊಡೆಯಬಹುದಾಗಿತ್ತು. ಆದರೆ ಒತ್ತಡ ಇಳಿದಂತೆ ಗುಂಡಿನ ವೇಗವೂ ಇಳಿಯುತ್ತಿದ್ದುದರಿಂದ ಕೊನೆಯ ಹೊಡೆತಗಳಿಗೆ ಗುರಿಯನ್ನು ಎತ್ತರಿಸಿ ಹಿಡಿಯಬೇಕಾಗುತ್ತಿತ್ತು.

ಸುಮಾರು 1,500ರ ಆಸುಪಾಸಿನಲ್ಲಿ ತಯಾರಾದ ಈ ಬಂದೂಕುಗಳು ತುರ್ಕರ ವಿರುದ್ಧದ ಯುದ್ಧದಲ್ಲಿಯೂ ಮುಂದೆ ಫ್ರೆಂಚರ ವಿರುದ್ಧದ ಯುದ್ಧಗಳಲ್ಲಿಯೂ ಬಳಕೆಯಾಗಿ, 1815ರ ವೇಳೆಗೆ ಸೇನೆಯಿಂದ ಮರೆಯಾದವು. ಇದಕ್ಕೆ ಕಾರಣ ತತ್ತ್ವದ ದೋಷವಲ್ಲ, ನಿರ್ವಹಣೆಯ ಕಷ್ಟ. ಬೆಸುಗೆಯ ಭಂಡಾರಗಳು ಸೋರುತ್ತಿದ್ದವು. ತೊಗಲಿನ ಬಿರಡೆಗಳನ್ನು ಒಣಗದಂತೆ ಕಾಯಬೇಕಾಗಿತ್ತು. ಕವಾಟದ ಸೂಕ್ಷ್ಮವನ್ನು ಬಲ್ಲ ಕುಶಲಕರ್ಮಿಗಳು ದಂಡಿನೊಡನೆ ಸದಾ ಇರಬೇಕಾಗಿತ್ತು. ಒಂದು ಉಪಕರಣ ಉಳಿಯಬೇಕಾದರೆ ಅದನ್ನು ಮಾಡುವವನಷ್ಟೇ ಸಾಲದು, ಕೆಟ್ಟಾಗ ಸರಿಪಡಿಸುವವನೂ ಹತ್ತಿರದಲ್ಲಿರಬೇಕು.

ಸದ್ದಿಲ್ಲದ ಸಾವಿನ ಐತಿಹ್ಯ

ಗಾಳಿಬಂದೂಕು ಎಲ್ಲಿಗೆ ಹೋಯಿತೋ ಅಲ್ಲಿ ಒಂದು ಐತಿಹ್ಯವೂ ಹೋಯಿತು. ಅದು ಸದ್ದಿಲ್ಲದೆ ಕೊಲ್ಲುತ್ತದೆ, ಹೊಡೆದವನು ಯಾರೆಂದು ತಿಳಿಯುವುದೇ ಇಲ್ಲ, ಹೀಗಾಗಿ ಅದು ವಂಚಕರ ಆಯುಧ ಎಂಬ ನಂಬಿಕೆ ಯೂರೋಪಿನ ಉದ್ದಗಲಕ್ಕೂ ಹಬ್ಬಿತು. ವಾಸ್ತವವಾಗಿ ಪೂರ್ಣ ಒತ್ತಡದ ಭಂಡಾರದಿಂದ ಹೊರಡುವ ಗಾಳಿ ಗಟ್ಟಿಯಾದ ಸದ್ದನ್ನೇ ಮಾಡುತ್ತದೆ. ಅದು ಮದ್ದಿನ ಸದ್ದಿಗಿಂತ ಕಡಿಮೆಯಷ್ಟೇ. ಇಲ್ಲದಿರುವುದು ಹೊಗೆ ಮತ್ತು ಬೆಂಕಿಯ ಮಿಂಚು. ಮದ್ದಿನ ಕೋವಿಗಳ ಕಾಲದಲ್ಲಿ ಜನ ಹೊಗೆಯನ್ನು ನೋಡಿಯೇ ವೈರಿಯ ನೆಲೆಯನ್ನು ಅರಿಯುತ್ತಿದ್ದರು. ಆ ಗುರುತು ಇಲ್ಲವಾದಾಗ ಕಣ್ಣಿಗೆ ಕಾಣದ್ದು ಕಿವಿಗೂ ಕೇಳದ್ದಾಯಿತು. ಅನುಭವದ ಒಂದು ಎಳೆಯನ್ನು ಹಿಡಿದು ಕಲ್ಪನೆ ಅದನ್ನು ಪೂರ್ಣಗೊಳಿಸುವುದು ಐತಿಹ್ಯನಿರ್ಮಾಣದ ಸಹಜ ವಿಧಾನ.

ಆಸ್ಟ್ರಿಯದ ಗಾಳಿಬಂದೂಕಿನ ಸೈನಿಕರು ಸೆರೆಸಿಕ್ಕರೆ ಅವರನ್ನು ಯುದ್ಧಕೈದಿಗಳೆಂದು ಕಾಣದೆ ಕೊಲೆಗಡುಕರಂತೆ ಕೊಲ್ಲಬೇಕೆಂದು ಫ್ರೆಂಚ್ ಸೇನಾನಿಗಳು ಆಜ್ಞಾಪಿಸಿದ್ದರು ಎಂಬ ಕಥೆ ಇಂಥದ್ದೇ. ಬಹುತೇಕ ಪುಸ್ತಕಗಳಲ್ಲಿ ಇದು ನೆಪೋಲಿಯನ್ನನ ಹೆಸರಿಗೆ ಅಂಟಿಕೊಂಡಿದೆ. ಒಬ್ಬರಿಂದ ಒಬ್ಬರಿಗೆ ದಾಟುತ್ತ ಬಂದಂತೆ ಆಜ್ಞೆ ನೀಡಿದವನ ಸ್ಥಾನಮಾನ ಏರಿರುವುದು ಐತಿಹ್ಯದ ಲಕ್ಷಣಕ್ಕೆ ಅನುಗುಣವಾಗಿಯೇ ಇದೆ. ಇದನ್ನು ಚರಿತ್ರೆಯೆಂದು ಸ್ವೀಕರಿಸುವುದಕ್ಕಿಂತ, ಹೊಸ ಆಯುಧವೊಂದು ಹುಟ್ಟಿಸಿದ ಭಯದ ದಾಖಲೆಯೆಂದು ಓದುವುದು ಹೆಚ್ಚು ಪ್ರಯೋಜನಕಾರಿ.

ಐತಿಹ್ಯವು ನಿರುಪದ್ರವಿಯಲ್ಲ ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗ ಸಾಕ್ಷಿಯಾಗಿದೆ. 1794ರಲ್ಲಿ, ಫ್ರಾನ್ಸಿನ ಕ್ರಾಂತಿಯ ಭಯ ಲಂಡನ್ನನ್ನು ಆವರಿಸಿದ್ದ ಕಾಲದಲ್ಲಿ, ದೊರೆ ಮೂರನೆಯ ಜಾರ್ಜನನ್ನು ನಾಟಕಶಾಲೆಯಲ್ಲಿ ಗಾಳಿಬಂದೂಕಿನಿಂದ ವಿಷದ ಮುಳ್ಳು ಹಾರಿಸಿ ಕೊಲ್ಲುವ ಸಂಚು ನಡೆದಿದೆಯೆಂಬ ಆಪಾದನೆ ಹುಟ್ಟಿತು. ರಾಜಕೀಯ ಸುಧಾರಣೆಯನ್ನು ಕೇಳುತ್ತಿದ್ದ ಸಂಘವೊಂದರ ಸದಸ್ಯರು ಬಂಧನಕ್ಕೊಳಗಾದರು. ಜನರು ಇದನ್ನು ಅಣಕದಿಂದ ಮಕ್ಕಳಾಟಿಕೆಯ ಹೆಸರಿಟ್ಟು ಕರೆದರು. ನಮ್ಮ ನುಡಿಯಲ್ಲಿ ಹೇಳುವುದಾದರೆ ಅದು ‘ಪೆಟ್ಲು ಸಂಚು’. 1796ರಲ್ಲಿ ನಡೆದ ವಿಚಾರಣೆಯಲ್ಲಿ ಆಪಾದಿತ ರಾಬರ್ಟ್ ಕ್ರಾಸ್‌ಫೀಲ್ಡ್ ನಿರ್ದೋಷಿಯೆಂದು ಬಿಡುಗಡೆಯಾದನು. ಸದ್ದಿಲ್ಲದ ಬಂದೂಕಿನ ಕಥೆ ಅಷ್ಟು ಬಲವಾಗಿ ಬೇರೂರಿರದಿದ್ದರೆ ಇಂಥ ಆಪಾದನೆಯನ್ನು ನಂಬುವುದು ಕಷ್ಟವಾಗುತ್ತಿತ್ತು. ಶತಮಾನದ ನಂತರವೂ ಈ ಐತಿಹ್ಯದ ಕಾವು ಆರಿರಲಿಲ್ಲ. 1903ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸನನ್ನು ಮತ್ತೆ ಬದುಕಿಸಿ ತಂದ ಕಥೆಯಲ್ಲಿ ಖಳನ ಕೈಯಲ್ಲಿರುವುದು ಕುರುಡು ಯಂತ್ರಕಾರನೊಬ್ಬ ಮಾಡಿದ ಗಾಳಿಬಂದೂಕೇ.

ಒಂದು ಬಂದೂಕಿನ ಗುರುತು

ವಸ್ತು, ಲಿಖಿತ ದಾಖಲೆ ಮತ್ತು ಹೇಳಿಕೆ ಈ ಮೂರೂ ಹೇಗೆ ಪರಸ್ಪರ ಎದುರಾಗುತ್ತವೆ ಎಂಬುದಕ್ಕೆ ಅಮೆರಿಕದ ಒಂದು ನಿದರ್ಶನವನ್ನು ಸ್ವಲ್ಪ ವಿವರವಾಗಿ ನೋಡಬಹುದು. 1803ರಿಂದ 1806ರವರೆಗೆ ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ ಕೈಗೊಂಡ ಪರಿಶೋಧನ ಯಾತ್ರೆ ಖಂಡವನ್ನು ದಾಟಿ ಪೆಸಿಫಿಕ್ ಸಾಗರವನ್ನು ಮುಟ್ಟಿತು. ಈ ಯಾತ್ರೆಯಲ್ಲಿ ಲೂಯಿಸ್ ಒಂದು ಗಾಳಿಬಂದೂಕನ್ನು ಒಯ್ದಿದ್ದನು. ಅವನ ದಿನಚರಿಯ ಆರಂಭದಲ್ಲಿಯೇ ಅದು ಕಾಣಿಸಿಕೊಳ್ಳುತ್ತದೆ. 1803ರ ಆಗಸ್ಟ್ ಕೊನೆಯಲ್ಲಿ, ಪಿಟ್ಸ್‌ಬರ್ಗ್ ಬಿಟ್ಟ ದಿನವೇ, ನದಿಯ ನಡುಗಡ್ಡೆಯೊಂದರಲ್ಲಿ ಬಂದೂಕನ್ನು ಪ್ರದರ್ಶಿಸುತ್ತಿದ್ದಾಗ ಅದು ಪರರ ಕೈಯಲ್ಲಿ ಆಕಸ್ಮಿಕವಾಗಿ ಹಾರಿ, ಸುಮಾರು 40 ಗಜ ದೂರದಲ್ಲಿದ್ದ ಮಹಿಳೆಯ ಟೋಪಿಯನ್ನು ತೂರಿ ಕಣತಲೆಯನ್ನು ಗೀರಿತು. ಆಕೆ ಸತ್ತಳೆಂದೇ ಎಲ್ಲರೂ ಹೆದರಿದರು. ಗಾಯ ಮೇಲುಮೇಲಿನದಾಗಿದ್ದರಿಂದ ಆಕೆ ಚೇತರಿಸಿಕೊಂಡಳು.

ದಾರಿಯುದ್ದಕ್ಕೂ ಮೂಲನಿವಾಸಿ ಸಮುದಾಯಗಳನ್ನು ಭೇಟಿಯಾದಾಗ ಈ ಬಂದೂಕನ್ನು ಹೊಡೆದು ತೋರಿಸುವುದು ಒಂದು ವಿಧಿಯಂತೆಯೇ ನಡೆಯುತ್ತಿತ್ತು. ಶೋಶೋನಿ ಜನರು ಇದನ್ನು ಮಹಾಶಕ್ತಿಯ ವಸ್ತುವೆಂದು ಕರೆದರೆಂದು 1805ರ ಆಗಸ್ಟ್ ತಿಂಗಳಲ್ಲಿ ಲೂಯಿಸ್ ಬರೆದುಕೊಂಡಿದ್ದಾನೆ. ಇಲ್ಲಿ ಕ್ಷೇತ್ರಕಾರ್ಯದ ಎಚ್ಚರವೊಂದು ಅಗತ್ಯ. ಈ ಬೆರಗಿನ ವರ್ಣನೆಗಳು ನಮಗೆ ದೊರೆಯುವುದು ಬಂದೂಕು ಹಿಡಿದವನ ಲೇಖನಿಯಿಂದ, ನೋಡಿದವರ ಬಾಯಿಂದಲ್ಲ. ಪ್ರದರ್ಶನದ ಹಿಂದೆ ಬಲವನ್ನು ಮೆರೆಸುವ ಉದ್ದೇಶವಿತ್ತೆಂಬುದನ್ನು ಮರೆತು ಅದನ್ನು ಕೇವಲ ವಿಸ್ಮಯದ ಕಥೆಯಾಗಿ ಓದಲಾಗದು.

ಯಾತ್ರೆ ಮುಗಿದ ಮೇಲೆ ಆ ಬಂದೂಕು ಯಾವುದು ಎಂಬ ಪ್ರಶ್ನೆ ಉಳಿಯಿತು. ಫಿಲಡೆಲ್ಫಿಯ ಪ್ರದೇಶದ ಗಡಿಯಾರ ತಯಾರಕ ಐಸಾಯ ಲೂಕೆನ್ಸ್ 1846ರಲ್ಲಿ ತೀರಿಕೊಂಡ ಬಳಿಕ, 1847ರ ಜನವರಿಯಲ್ಲಿ ಅವನ ಆಸ್ತಿ ಹರಾಜಾಯಿತು. ಹರಾಜಿನ ಪಟ್ಟಿಯಲ್ಲಿ ಒಂದು ಗಾಳಿಬಂದೂಕನ್ನು ಲೂಯಿಸ್ ಮತ್ತು ಕ್ಲಾರ್ಕರಿಗಾಗಿ ಮಾಡಿದ್ದೆಂದೂ ಅವರು ಬಳಸಿದ್ದೆಂದೂ ನಮೂದಿಸಲಾಗಿತ್ತು. ಈ ಒಂದು ಸಾಲಿನ ಆಧಾರದ ಮೇಲೆ, 1970ರ ದಶಕದಲ್ಲಿ ಸಂಗ್ರಾಹಕ ಹೆನ್ರಿ ಸ್ಟುವರ್ಟ್ ಮುಂತಾದವರು ಲೂಕೆನ್ಸ್ ತಯಾರಿಕೆಯ ಬಂದೂಕೇ ಯಾತ್ರೆಯ ಬಂದೂಕೆಂದು ವಾದಿಸಿದರು. ವಾದ ಬಹುಮಟ್ಟಿಗೆ ಸ್ವೀಕೃತವೂ ಆಯಿತು.

ಚಿತ್ರವನ್ನು ಬದಲಿಸಿದ್ದು ಮೂರನೆಯವನೊಬ್ಬನ ದಿನಚರಿ. 1803ರ ಸೆಪ್ಟೆಂಬರ್‌ನಲ್ಲಿ ಒಹಾಯೋ ನದಿಯ ದಂಡೆಯಲ್ಲಿ ಲೂಯಿಸನನ್ನು ಕಂಡಿದ್ದ ಥಾಮಸ್ ರಾಡ್ನಿ ಎಂಬ ನ್ಯಾಯಾಧೀಶ, ಆ ಗಾಳಿಬಂದೂಕು ಒಮ್ಮೆ ತುಂಬಿದರೆ 22 ಬಾರಿ ಹೊಡೆಯುತ್ತದೆಂದು ತನ್ನ ದಿನಚರಿಯಲ್ಲಿ ಬರೆದಿದ್ದನು. ಈ ದಿನಚರಿ 1997ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಉಳಿದುಬಂದಿರುವ ಲೂಕೆನ್ಸ್ ಬಂದೂಕುಗಳು ಸಲಕ್ಕೊಂದೇ ಗುಂಡಿನವು. 22 ಎಂಬ ಸಂಖ್ಯೆಯೂ ರಾಡ್ನಿ ನೀಡಿದ ರಚನೆಯ ವಿವರವೂ ಜಿರಾಂಡೋನಿ ಬಗೆಗೆ ಹೊಂದುತ್ತವೆ.

ಅನಂತರದ ಸಾಕ್ಷ್ಯ ವಸ್ತುವಿನಿಂದಲೇ ಬಂತು. ಗಾಳಿಬಂದೂಕುಗಳ ಸಂಗ್ರಾಹಕ ಹಾಗೂ ಸಂಶೋಧಕ ರಾಬರ್ಟ್ ಬೀಮನ್ ಅವರ ಬಳಿ ಒಂದು ಜಿರಾಂಡೋನಿ ಬಂದೂಕಿತ್ತು. ಅದರ ಪ್ರತಿರೂಪಗಳನ್ನು ತಯಾರಿಸುವ ಸಲುವಾಗಿ ಎರ್ನಿ ಕೋವನ್ ಮತ್ತು ರಿಕ್ ಕೆಲ್ಲರ್ ಎಂಬ ಕುಶಲಕರ್ಮಿಗಳು ಅದನ್ನು ಬಿಚ್ಚಿ ನೋಡಿದಾಗ, ಮುಖ್ಯ ಕಮಾನು ಮೂಲದ್ದಲ್ಲವೆಂದೂ ಲಾಳಗಾರನ ಅರವೊಂದನ್ನು ಕಾಯಿಸಿ ಬಡಿದು ಮಾಡಿದ್ದೆಂದೂ ಗುರುತಿಸಿದರು. ಲೂಯಿಸನ ದಿನಚರಿಯಲ್ಲಿ 1805ರ ಜೂನ್ 10ರಂದು, ತಂಡದ ಕಮ್ಮಾರ ಜಾನ್ ಷೀಲ್ಡ್ಸ್ ಗಾಳಿಬಂದೂಕಿನ ಮುಖ್ಯ ಕಮಾನನ್ನು ಹೊಸದಾಗಿ ಮಾಡಿ ಹಾಕಿದನೆಂಬ ಉಲ್ಲೇಖವಿದೆ. ಪೇಟೆ ಪಟ್ಟಣಗಳಿಂದ ನೂರಾರು ಮೈಲಿ ದೂರದ ಕಾಡಿನಲ್ಲಿ ಕಮ್ಮಾರನೊಬ್ಬನ ಕೈಗೆ ಸಿಗಬಹುದಾದ ಒಳ್ಳೆಯ ಉಕ್ಕು ಯಾವುದು? ಹಳೆಯ ಅರ. ನಮ್ಮ ಹಳ್ಳಿಯ ಕಮ್ಮಾರರೂ ಸವೆದ ಅರವನ್ನು ಎಸೆಯದೆ ಬೇರೆ ಹತಾರವಾಗಿ ಬಡಿದುಕೊಳ್ಳುತ್ತಾರೆ.

ಈ ಬಂದೂಕನ್ನು ಬೀಮನ್ ಪೆನ್ಸಿಲ್ವೇನಿಯದ ಕಾರ್ಲೈಲ್‌ನಲ್ಲಿರುವ ಅಮೆರಿಕ ಸೇನೆಯ ಯುದ್ಧವಿದ್ಯಾಲಯಕ್ಕೆ ದಾನವಾಗಿ ನೀಡಿದರು. ಇದೇ ಆ ಬಂದೂಕು ಎಂಬುದು ಪ್ರಬಲವಾದ ಅನುಮಾನವೇ ಹೊರತು ಅಂತಿಮ ಪ್ರಮಾಣವಲ್ಲ. ಯಾತ್ರೆಯ ಬಂದೂಕು ಜಿರಾಂಡೋನಿ ಬಗೆಯದು ಎಂಬುದು ಒಂದು ನಿರ್ಣಯ; ಅದು ಈ ನಿರ್ದಿಷ್ಟ ಬಂದೂಕೇ ಎಂಬುದು ಇನ್ನೊಂದು. ಮೊದಲನೆಯದಕ್ಕಿರುವ ಆಧಾರ ಎರಡನೆಯದಕ್ಕಿಂತ ಗಟ್ಟಿಯಾದುದು. ಆದರೆ ಚರ್ಚೆ ಇಷ್ಟು ದೂರ ಸಾಗಲು ಸಾಧ್ಯವಾದದ್ದು ಒಂದು ಒರಟು ದುರಸ್ತಿ ಹಾಗೆಯೇ ಉಳಿದಿದ್ದರಿಂದ. ನಡುವೆ ಯಾರಾದರೂ ಸಂಗ್ರಾಹಕ ಆ ಕಮಾನನ್ನು ಕಿತ್ತು ಅಂದವಾದ ಹೊಸದನ್ನು ಹಾಕಿಸಿದ್ದರೆ ಬಂದೂಕು ಚೆನ್ನಾಗಿ ಹೊಡೆಯುತ್ತಿತ್ತು, ಆದರೆ ಮೂಕವಾಗುತ್ತಿತ್ತು.

ಅರಮನೆಯಿಂದ ಅಂಗಳಕ್ಕೆ

ಸೈನ್ಯದಿಂದ ಮರೆಯಾದ ಗಾಳಿಬಂದೂಕು 19ನೆಯ ಶತಮಾನದಲ್ಲಿ ಜನಸಾಮಾನ್ಯರ ವಿನೋದದ ವಸ್ತುವಾಯಿತು. ಇಂಗ್ಲೆಂಡಿನಲ್ಲಿ ನಡೆಗೋಲಿನ ರೂಪದ ಗಾಳಿಬಂದೂಕುಗಳು ಬಳಕೆಗೆ ಬಂದವು. ಅಮೆರಿಕದ ನಗರಗಳ ಗುರಿಯಾಟದ ಅಂಗಡಿಗಳಿಗಾಗಿ ಕೋವಿಗಾರರು ವಿಶೇಷ ಮಾದರಿಗಳನ್ನು ಮಾಡಿದರು. ಅಲ್ಲಿನ ಮಿಷಿಗನ್ ಸಂಸ್ಥಾನದ ಪ್ಲಿಮತ್ ಪಟ್ಟಣದಲ್ಲಿ ರೈತರಿಗೆ ಗಾಳಿಯಂತ್ರಗಳನ್ನು ಮಾರುತ್ತಿದ್ದ ಕಾರ್ಖಾನೆಯೊಂದು 1880ರ ದಶಕದ ಕೊನೆಯಲ್ಲಿ ಲೋಹದ ಚಿಕ್ಕ ಗಾಳಿಬಂದೂಕನ್ನು ಗಿರಾಕಿಗಳಿಗೆ ಕೊಡುಗೆಯಾಗಿ ನೀಡತೊಡಗಿತು. ಯಂತ್ರಕ್ಕಿಂತ ಕೊಡುಗೆಗೇ ಬೇಡಿಕೆ ಹೆಚ್ಚಿತು. 1895ರಲ್ಲಿ ಆ ಸಂಸ್ಥೆ ಬಂದೂಕಿನ ಹೆಸರನ್ನೇ ತಳೆದು ಡೈಸಿ ಕಂಪನಿಯಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಲಿಂಕನ್ ಜೆಫ್ರೀಸ್ ಪಡೆದ 1904ರ ಹಕ್ಕುಪತ್ರದ ಆಧಾರದ ಮೇಲೆ ಬಿ.ಎಸ್.ಎ. ಕಂಪನಿ 1905ರಿಂದ ಕಮಾನಿನ ಬಗೆಯ ಬಂದೂಕುಗಳನ್ನು ತಯಾರಿಸಿತು. ಆ ಭಾಗದ ಪಾನಗೃಹಗಳಲ್ಲಿ ಕಬ್ಬಿಣದ ಫಲಕದ ಸಣ್ಣ ರಂಧ್ರದ ಮೂಲಕ ಹೊಡೆದು ಹಿಂದಿನ ಗಂಟೆಯನ್ನು ಬಾರಿಸುವ ಪಂದ್ಯ ದುಡಿಯುವ ಜನರ ಸಂಜೆಯ ಆಟವಾಗಿ ಬೆಳೆಯಿತು. ನಮ್ಮ ಜಾತ್ರೆಯ ಬಲೂನು ಅಂಗಡಿ ಈ ಪರಂಪರೆಯ ದೂರದ ಸಂಬಂಧಿ.

ಸಂಗ್ರಹದ ವಿವೇಕ

ಗಾಳಿಬಂದೂಕುಗಳ ವ್ಯವಸ್ಥಿತ ಅಧ್ಯಯನ 20ನೆಯ ಶತಮಾನದ ನಡುಭಾಗದಲ್ಲಿ ಆರಂಭವಾಯಿತು. ಅಮೆರಿಕದ ಮಿಲ್ವಾಕಿ ಸಾರ್ವಜನಿಕ ಸಂಗ್ರಹಾಲಯ 1958ರಲ್ಲಿ ಪ್ರಕಟಿಸಿದ ಎಲ್ಡನ್ ವುಲ್ಫ್ ಅವರ ಕೃತಿ, 1972ರಲ್ಲಿ ಬಂದ ಆರ್ನೆ ಹಾಫ್ ಅವರ ಕೃತಿ ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದವು. ಈ ಅನುಭವದಿಂದ ಮೂಡುವ ಕೆಲವು ಸೂತ್ರಗಳನ್ನು ಇಲ್ಲಿ ಕ್ರೋಡೀಕರಿಸಬಹುದು.

ಮೊದಲನೆಯದು, ದುರಸ್ತಿಯ ಗುರುತುಗಳನ್ನು ಅಳಿಸಕೂಡದು. ತುಕ್ಕು ಹರಡದಂತೆ ತಡೆಯುವುದು ಬೇರೆ, ಉಜ್ಜಿ ಹೊಳಪು ಬರಿಸುವುದು ಬೇರೆ. ಎರಡನೆಯದು, ಹಳೆಯ ಭಂಡಾರಕ್ಕೆ ಗಾಳಿ ತುಂಬುವ ಸಾಹಸ ಸಲ್ಲದು. ಎರಡು ಶತಮಾನ ಸವೆದ ತಗಡು ಮತ್ತು ಬೆಸುಗೆ ಒಡೆದರೆ ವಸ್ತುವೂ ನಾಶ, ಪ್ರಾಣಕ್ಕೂ ಅಪಾಯ. ಹೊಡೆದು ನೋಡಬೇಕೆಂಬವರು ಪ್ರತಿರೂಪವನ್ನು ಬಳಸಬೇಕು. ಮೂರನೆಯದು, ವಸ್ತುವಿನೊಡನೆ ಬರುವ ಕಥೆಯನ್ನು ಹೇಳಿದವರ ಹೆಸರು, ಸ್ಥಳ ಮತ್ತು ದಿನಾಂಕದೊಡನೆ ಪ್ರತ್ಯೇಕವಾಗಿ ದಾಖಲಿಸಬೇಕು. ಕಥೆಯನ್ನು ವಸ್ತುವಿನ ವಿವರಣೆಯೊಳಗೆ ಬೆರೆಸಿದರೆ ಮುಂದಿನವರಿಗೆ ಹೇಳಿಕೆಯಾವುದು, ಪರಿಶೀಲಿಸಿದ್ದು ಯಾವುದು ಎಂಬುದು ತಿಳಿಯದಾಗುತ್ತದೆ. 1847ರ ಹರಾಜುಪಟ್ಟಿಯಿಂದ ಆದದ್ದು ಇದೇ.

ನಮ್ಮ ದೇಶದಲ್ಲಿ ಸಂಗ್ರಹಿಸುವವರು ಕಾನೂನನ್ನೂ ಅರಿತಿರಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂಥ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಅವುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. 1959ರ ಆಯುಧ ಕಾಯಿದೆಯ 45ನೆಯ ಕಲಮು ದುರಸ್ತಿ ಮಾಡಿದರೂ ಬಳಸಲಾಗದ ಹಳೆಯ ಆಯುಧಗಳಿಗೆ ವಿನಾಯಿತಿ ನೀಡುತ್ತದೆ. 2016ರ ಆಯುಧ ನಿಯಮಗಳು 20 ಜೂಲ್ ಮೀರಿದ ಶಕ್ತಿಯ ಅಥವಾ 4.5 ಮಿಲಿಮೀಟರ್ ಮೀರಿದ ನಳಿಕೆಯ ಗಾಳಿಬಂದೂಕುಗಳನ್ನು ಪರವಾನಗಿಯ ವ್ಯಾಪ್ತಿಗೆ ತಂದಿವೆ.

ಸಮಾರೋಪ

ಗಾಳಿಬಂದೂಕಿನ ಚರಿತ್ರೆಯಿಂದ ಜಾನಪದ ಸಂಗ್ರಹಕಾರರು ಕಲಿಯಬೇಕಾದುದು ಬಂದೂಕಿಗಷ್ಟೇ ಸೀಮಿತವಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕ ಮೊದಲಾದೆಡೆಗಳಲ್ಲಿ ನೇಗಿಲು, ಕೊಳಗ, ಬೀಸುವ ಕಲ್ಲು, ವಾದ್ಯ, ಗೊಂಬೆಗಳು ಸಾವಿರಗಟ್ಟಲೆ ಸಂಗ್ರಹಗೊಂಡಿವೆ. ಬಿರುಕುಬಿಟ್ಟ ಕೊಳಗಕ್ಕೆ ಹಾಕಿದ ಪಟ್ಟಿ, ಹರಿದ ಚರ್ಮವಾದ್ಯಕ್ಕೆ ಹೊಲಿದ ತೇಪೆ, ಮುರಿದ ನೊಗಕ್ಕೆ ಬಿಗಿದ ಬಳೆ ಇವುಗಳನ್ನು ನಾವು ಕುಂದೆಂದು ಭಾವಿಸಿ, ಅಖಂಡವಾದ ಮಾದರಿಯನ್ನೇ ಹುಡುಕುವ ಪ್ರವೃತ್ತಿಯುಂಟು. ಆದರೆ ಅಖಂಡ ವಸ್ತು ಹೇಳುವುದು ಅದನ್ನು ಮಾಡಿದವನ ಒಂದು ದಿನದ ಮಾತನ್ನು. ತೇಪೆಯ ವಸ್ತು ಹೇಳುವುದು ಅದನ್ನು ಬಳಸಿದವರ ಇಡೀ ಬದುಕಿನ ಮಾತನ್ನು. ಸವೆದ ಅರದಿಂದ ಬಡಿದ ಒಂದು ಕಮಾನು ಎರಡು ಶತಮಾನಗಳ ನಂತರ ಸಾಕ್ಷಿ ನುಡಿಯಿತು. ಅಂಥ ಸಾಕ್ಷಿಗಳು ನಮ್ಮ ಸಂಗ್ರಹಗಳಲ್ಲಿಯೂ ಇವೆ. ಅವುಗಳನ್ನು ಉಜ್ಜಿ ಅಳಿಸುವ ಮುನ್ನ ಓದುವ ಕೆಲಸ ಆಗಬೇಕಾಗಿದೆ.